ಪ್ಲೇಟ್ ತೆಗೆದ ಮೇಲೆ ಹತ್ತಿದ ಜೀಪು

ಜೀಪಿನ ಸ್ಪ್ರಿಂಗಿಗೆ ಪ್ಲೇಟ್ ಜಾಸ್ತಿ ಹಾಕಿದರೆ ಗಟ್ಟಿ, ಲಾಂಗ್ ಶ್ಯಾಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಹಾಕಿದರೆ ಎತ್ತರ. ಸೋಮವಾರಪೇಟೆಯಿಂದ ಗೋಣಿಕೊಪ್ಪದವರೆಗೆ ಯಾರನ್ನು ಕೇಳಿದರೂ ಇದೇ ಮಾತು. ನಾನು ನನ್ನ ಮಹೀಂದ್ರ ಎಂಎಂ 540 ಜೀಪಿನಲ್ಲಿ ಪ್ಲೇಟ್ ತೆಗೆದೆ. "ಅಣ್ಣಾ, ಕಾಫಿ ಮೂಟೆ ಹಾಕಿದ ದಿನ ಕೂತ್ಕೊಳ್ಳುತ್ತೆ ನೋಡಿ" ಅಂದವರೇ ಎಲ್ಲರೂ. ಮಳೆಗಾಲ ಕಳೆಯಿತು, ಕೊಯ್ಲೂ ಮುಗಿಯಿತು. ಕೂತಿಲ್ಲ.

ಮೊದಲು ಶ್ಯಾಕಲ್ ಕಥೆ. 2 ಇಂಚು ಉದ್ದ ಜಾಸ್ತಿ ಇರೋದನ್ನು ಒಂದು ವರ್ಕ್‌ಶಾಪಿನಲ್ಲಿ ಹಾಕಿಕೊಟ್ಟರು. ಸ್ಪ್ರಿಂಗಿನ ಒಂದೇ ತುದಿ ಇಳಿಯೋದರಿಂದ ಸಿಕ್ಕ ಎತ್ತರ 1 ಇಂಚು, ಅಷ್ಟೇ ಸಿಗೋದು ಅಲ್ವಾ? ಮುಂದಿನ ಶ್ಯಾಕಲ್ ಸ್ಪ್ರಿಂಗಿನ ಮುಂತುದಿಯಲ್ಲಿರೋದರಿಂದ ಆಕ್ಸಲ್ ತಿರುಗಿ ಕ್ಯಾಸ್ಟರ್ (ಸ್ಟೇರಿಂಗನ್ನು ನೇರಕ್ಕೆ ವಾಪಸ್ ತರುವ ಓರೆ ಕೋನ) ಹೋಯಿತು. ಸಂಪಾಜೆ ಘಾಟಿ ಇಳಿಯುವಾಗ ಸ್ಟೇರಿಂಗ್ ತಾನಾಗಿ ವಾಪಸ್ ಬರೋದೇ ನಿಂತಿತು. ಸುಮಾರು ನಾಲ್ಕು ಸಾವಿರ ನೀರಿಗೆ.

ಆಮೇಲೆ ಹಿಂದಿನ ಸ್ಪ್ರಿಂಗುಗಳಿಗೆ ಒಂದೊಂದು ಪ್ಲೇಟ್ ಸೇರಿಸಿದರು. ಮಾಂದಲಪಟ್ಟಿ ಕಡೆ ರಸ್ತೆಗೆ ಓರೆಯಾಗಿ ಮಳೆನೀರು ಕೊರೆದ ಚರಂಡಿ ನಿಮಗೆಲ್ಲ ಗೊತ್ತು. ಖಾಲಿ ಜೀಪು ಅದಕ್ಕೆ ಇಳಿದರೆ ಎದುರು ಮೂಲೆಗಳ ಎರಡು ಚಕ್ರ ಗಾಳಿಯಲ್ಲಿ. ಲೋ ಫೋರ್ (ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಲೋ ಗೇರ್) ಹಾಕಿದರೂ ಆ ಎರಡೇ ಸುತ್ತುತ್ತವೆ, ಜೀಪು ನಿಂತಲ್ಲೇ. ನಮಗೆ ಬೇಕಾದದ್ದು ಎತ್ತರ ಅಲ್ಲ, ಚಕ್ರ ನೆಲ ಬಿಡದಿರೋದು ಅಂತ ಅಲ್ಲಿ ಖಾತ್ರಿಯಾಯಿತು.

ಅದಕ್ಕೆ ಸ್ಪ್ರಿಂಗ್ ಮೆತ್ತಗಾಗಬೇಕು. ಮಾಡಿದ್ದು ಇಷ್ಟು. ಮೇನ್ ಪ್ಲೇಟ್, ಅದರ ತುದಿಯ ಬೋಲ್ಟ್ ಕಣ್ಣಿಗೆ ಸುತ್ತಿರುವ ಎರಡನೇ ಪ್ಲೇಟ್ ಮುಟ್ಟಲಿಲ್ಲ. ನಡುವಿನ ದಪ್ಪ ಪ್ಲೇಟುಗಳಲ್ಲಿ ಮುಂದೆ ಒಂದು, ಹಿಂದೆ ಎರಡು ತೆಗೆದೆ, ಉದ್ದದ ಮೆಟ್ಟಿಲು ತಪ್ಪದ ಹಾಗೆ. ಪ್ಲೇಟ್ ಕಡಿಮೆಯಾದರೆ ಜೀಪು ತಗ್ಗುತ್ತದೆ, ಹಾಗಾಗಿ ಉಳಿದವುಗಳ ಬಾಗು ಹೆಚ್ಚಿಸಬೇಕಿತ್ತು. ಒಬ್ಬರು ತಣ್ಣಗೆ ಪ್ರೆಸ್ಸಿನಲ್ಲೇ ಬಗ್ಗಿಸಿಕೊಟ್ಟರು, ತಿಂಗಳೊಳಗೆ ಮತ್ತೆ ಚಪ್ಪಟೆ. ಆರು ಸಾವಿರ ಹೋಯಿತು. ಕೊನೆಗೆ ಲಾರಿ ಸ್ಪ್ರಿಂಗ್ ಮಾಡುವ ಕುಲುಮೆಯವರ ಹತ್ತಿರ ಕೊಟ್ಟೆ. ಕೆಂಪಗೆ ಕಾಯಿಸಿ, ಬಗ್ಗಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿಕೊಟ್ಟರು. ಆ ಬಾಗು ಇವತ್ತಿಗೂ ಹಾಗೇ ಇದೆ.

ಮೂಟೆಯ ಪ್ರಶ್ನೆಗೆ ಉತ್ತರ ಹಿಂದಿನ ಸೆಟ್ಟಿನ ತಳದಲ್ಲಿದೆ. ಅಲ್ಲಿ ಬಾಗಿಲ್ಲದ ದಪ್ಪ ಪ್ಲೇಟ್ ಒಂದಿದೆ. ಖಾಲಿ ಇದ್ದಾಗ ಅದರ ತುದಿ ಮೇಲಿನದಕ್ಕೆ ತಾಗೋದಿಲ್ಲ. 50 ಕೆಜಿಯ ಏಳೆಂಟು ಮೂಟೆ ಬಿದ್ದ ಮೇಲೆ ತಾಗಿ ಭಾರ ಹೊರುತ್ತದೆ. ಎಷ್ಟು ಸಂದಿ ಬಿಡಬೇಕು ಅನ್ನೋದನ್ನು ಮಾತ್ರ ಇಲ್ಲಿ ಹೇಳೋದಿಲ್ಲ. ಅದಕ್ಕೆ ತುಂಬಾ ಒದ್ದಾಡಿದ್ದೇನೆ.

ನಡುವೆ ಇನ್ನೊಂದು ಪ್ರಯೋಗ. ಪ್ಲೇಟುಗಳ ಕಿರಿಕಿರಿಗೆ ಗ್ರೀಸ್ ಹಚ್ಚಿದರೆ ನಮ್ಮ ಕೆಂಪು ಮಣ್ಣು ಅಂಟಿ ಉಜ್ಜುಕಾಗದದ ಹಾಗೆ ಸವೆಸುತ್ತದೆ. ಅಡುಗೆಮನೆಯ ಬಿಳಿ ಪ್ಲಾಸ್ಟಿಕ್ ಕಟಿಂಗ್ ಬೋರ್ಡ್ ತಂದೆ. ಬೆರಳಗಲದ ತುಂಡು ಕೊಯ್ದು, ಪ್ಲೇಟಿನ ತುದಿಯಲ್ಲಿ ತೂತು ಹಾಕಿ ಕೂರಿಸಿದೆ. ಮೊದಲು ಹಾಕಿದವು ಜಾರಿ ಬಿದ್ದವು. ಹಿಂಬದಿಯಲ್ಲಿ ತೂತಿಗೆ ಕೂರೋ ಹಾಗೆ ಮೊಳೆ ತಲೆಯಂಥ ಗುಬಟು ಬಿಟ್ಟು ಕೊಯ್ದದ್ದು ನಿಂತಿತು. ಖರ್ಚು ಇನ್ನೂರು ಚಿಲ್ಲರೆ. ಸದ್ದೂ ಇಲ್ಲ, ಸ್ಪ್ರಿಂಗ್ ಬೆಣ್ಣೆ.

ಕ್ಯಾಸ್ಟರ್‌ಗೆ ಆಕ್ಸಲ್ ಮತ್ತು ಸ್ಪ್ರಿಂಗ್ ನಡುವೆ ಉಕ್ಕಿನ ವೆಜ್ಜೇ (ಓರೆ ತುಂಡು) ಹಾಕಿ. ಅಲ್ಯೂಮಿನಿಯಂದು ಜಜ್ಜಿ ಹೋಗುತ್ತದೆ, ಸ್ಪ್ರಿಂಗನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟ್ ಸಡಿಲ ಆಗುತ್ತದೆ. ಚಕ್ರ ಈಗ ಜಾಸ್ತಿ ಕೆಳಗಿಳಿಯೋದರಿಂದ ಬ್ರೇಕ್ ಹೋಸ್ ಉದ್ದದ್ದು ಬೇಕೇ ಬೇಕು. ಶಾಕ್ ಅಬ್ಸಾರ್ಬರ್ ಕೂಡ.

ರೆಡಿಮೇಡ್ ಸಸ್ಪೆನ್ಷನ್ ಕಿಟ್‌ಗೆ ಎಪ್ಪತ್ತು ಸಾವಿರದ ಹತ್ತಿರ ಹೇಳಿದ್ದರು. ದಂಡ ಆದ ದುಡ್ಡೂ ಸೇರಿ ನನಗೆ ಮೂವತ್ತೈದು ಸಾವಿರದ ಆಸುಪಾಸು. ಈಗ ಅದೇ ಚರಂಡಿಯಲ್ಲಿ ನಾಲ್ಕೂ ಚಕ್ರ ನೆಲದ ಮೇಲೆ. ಹಿಂದೆ ಬರುತ್ತಿದ್ದ ಜೀಪುಗಳು ನಿಂತವು, ನಾನು ಸೆಕೆಂಡ್ ಗೇರಿನಲ್ಲಿ ಹತ್ತಿದೆ.

ಮಾಡಿಸುವವರು ಹಳೇ ಯು ಬೋಲ್ಟ್ ಮತ್ತೆ ಹಾಕಬೇಡಿ. ಶ್ಯಾಕಲ್ ಬೋಲ್ಟ್ ಕೊನೇ ಬಿಗಿತ ಜೀಪು ನೆಲಕ್ಕಿಳಿದ ಮೇಲೆ, ಇಲ್ಲದಿದ್ದರೆ ರಬ್ಬರ್ ಬುಶ್ ತಿರುಚಿ ಹರಿಯುತ್ತದೆ. ನೂರು ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟ್ ಇನ್ನೊಮ್ಮೆ ಬಿಗಿ ಮಾಡಿ.