ಮನೆಗೊಂದು ಬೆರಕೆ ಪುಸ್ತಕ: ಬರೆಯುವುದು ಹೇಗೆ, ಉಳಿಸುವುದು ಹೇಗೆ?

ನಮ್ಮಜ್ಜಿ ಹೋದ ಮೇಲೆ ಅಟ್ಟದ ಟ್ರಂಕಿನಲ್ಲಿ ಒಂದು ಹಳೆಯ ಡೈರಿ ಸಿಕ್ಕಿತು. ಮೊದಲ ಪುಟದಲ್ಲಿ ಹಾಲಿನ ಲೆಕ್ಕ. ಅದರ ಕೆಳಗೆ ಎಮ್ಮೆ ಕರು ಹಾಕಿದ ದಿನ. ಪುಟ ತಿರುವಿದರೆ ಹಸೆಗೆ ಕರೆಯುವ ಹಾಡು, ಅರ್ಧಕ್ಕೇ ನಿಂತಿದೆ. ಹಾಡಿನ ಪಕ್ಕದಲ್ಲೇ ಹಪ್ಪಳದ ಹಿಟ್ಟಿಗೆ ಉಪ್ಪು ಎಷ್ಟು ಅಂತ ಗುರುತು. ಇನ್ನೊಂದು ಕಡೆ, ಬೆಂಗಳೂರಿನ ಮಗಳ ಮನೆಗೆ ಹೋಗಲು ಎಲ್ಲಿ ಇಳಿದು ಯಾವ ಬಸ್ಸು ಹತ್ತಬೇಕು ಅಂತ ದೊಡ್ಡ ಅಕ್ಷರದಲ್ಲಿ ಬರೆದುಕೊಂಡಿದ್ದರು.

ಆ ಡೈರಿ ಓದಿದಾಗ ಅಜ್ಜಿ ಎದುರಿಗೆ ಕೂತು ಮಾತಾಡಿದ ಹಾಗಾಯಿತು. ಅಡುಗೆಗೆ ಒಂದು, ಹಾಡಿಗೆ ಒಂದು, ಲೆಕ್ಕಕ್ಕೆ ಒಂದು ಅಂತ ಪುಸ್ತಕ ಮಾಡಿದ್ದರೆ ಹಾಗೆ ಆಗುತ್ತಿರಲಿಲ್ಲ. ಮೊದಲ ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ಅಣ್ಣೆ, ಗೋಣಿ, ಕನ್ನೆ, ಗಣಿಕೆ ಅಂತ ಕೈಗೆ ಸಿಕ್ಕಿದ್ದನ್ನೆಲ್ಲ ಮಡಿಲಿಗೆ ಹಾಕಿಕೊಂಡು ಬಂದು ಸಾರು ಮಾಡುತ್ತಾರಲ್ಲ, ಆ ಬೆರಕೆ ಸೊಪ್ಪಿನ ಹಾಗೆ ಮನೆಯ ಪುಸ್ತಕವೂ ಬೆರಕೆಯಾಗಿಯೇ ಇರಬೇಕು. ನಮ್ಮಲ್ಲಿ ಇದು ಹೊಸದೂ ಅಲ್ಲ. 1025ರಲ್ಲಿ ಎರಡನೆಯ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ನೆಲದಡಿ ನೀರು ಹುಡುಕುವುದು, ಗಿಡಗಳ ಆರೈಕೆ, ಅಡುಗೆ, ಸುಗಂಧ, ದನಕರುಗಳ ಕಾಯಿಲೆ ಎಲ್ಲವೂ ಒಟ್ಟಿಗೇ ಇವೆ.

ಅಂಥ ಪುಸ್ತಕವನ್ನು ನಿಮ್ಮ ಮನೆಯಲ್ಲೂ ಶುರು ಮಾಡಬಹುದು. ಕಳೆದ ನಾಲ್ಕು ವರ್ಷಗಳಿಂದ ನಾನು ಮಾಡುತ್ತಿರುವ ಕ್ರಮ ಇದು.

ಪುಸ್ತಕ ಮತ್ತು ಪೆನ್ನು

ಸ್ಪೈರಲ್ ಬೇಡ, ಹಾಳೆ ಬೇಗ ಕಿತ್ತು ಬರುತ್ತದೆ. ದಾರದಲ್ಲಿ ಹೊಲಿದು ರಟ್ಟು ಹಾಕಿದ, 200 ಪುಟದ ಉದ್ದನೆಯ ಪುಸ್ತಕ ತೆಗೆದುಕೊಳ್ಳಿ. ಝೆರಾಕ್ಸ್ ಹಾಳೆ ಸಾಮಾನ್ಯವಾಗಿ 70-75 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ಇರುತ್ತದೆ. ನಿಮಗೆ ಬೇಕಾದದ್ದು ಅದಕ್ಕಿಂತ ದಪ್ಪದ್ದು, 90 ಅಥವಾ 100. ಅಂಗಡಿಯಲ್ಲಿ ಸಿಗದಿದ್ದರೆ ಹಾಳೆ ಕೊಂಡು ಬೈಂಡಿಂಗ್ ಮಾಡುವವರ ಹತ್ತಿರ ಹೊಲಿಸಿ.

ಪೆನ್ನನ್ನು ಕೊಳ್ಳುವ ಮುಂಚೆ ಪರೀಕ್ಷೆ ಮಾಡಿ. ಚೂರು ಕಾಗದದ ಮೇಲೆ ನಿಮ್ಮ ಹೆಸರು ಬರೆದು, ಹತ್ತು ನಿಮಿಷ ಒಣಗಲು ಬಿಟ್ಟು, ಮೇಲೆ ಎರಡು ಹನಿ ನೀರು ಹಾಕಿ. ಎಷ್ಟೋ ಜೆಲ್ ಪೆನ್ನುಗಳ ಅಕ್ಷರ ನೀಲಿ ಕೊಚ್ಚೆಯಾಗಿ ಹರಡುತ್ತದೆ. ‘ಪಿಗ್ಮೆಂಟ್ ಇಂಕ್’ ಎಂದು ಬರೆದಿರುವ ಕಪ್ಪು ಪೆನ್ನು ಕದಲುವುದಿಲ್ಲ. ಸಾಧಾರಣ ಬಾಲ್ ಪೆನ್ನೂ ನೀರಿಗೆ ತಡೆಯುತ್ತದೆ. ಅಡುಗೆಮನೆಗೆ ಹೋಗಿ ಬರುವ ಪುಸ್ತಕ ಅಲ್ವಾ, ಒಂದಲ್ಲ ಒಂದು ದಿನ ನೀರು ಬೀಳುತ್ತದೆ.

ಪುಟಕ್ಕೆ ನಂಬರು

ಬರೆಯಲು ಕೂರುವ ಮೊದಲೇ ಅಷ್ಟೂ ಪುಟಗಳಿಗೆ ನಂಬರು ಹಾಕಿ. ಕೊನೆಯ ಎಂಟು ಪುಟ ಖಾಲಿ ಬಿಡಿ, ಅದು ಪಟ್ಟಿಗೆ. ಏನನ್ನೇ ಬರೆದರೂ ಮುಂದಿನ ಖಾಲಿ ಜಾಗದಲ್ಲಿ ಬರೆಯಿರಿ, ಬರೆದ ತಕ್ಷಣ ಪಟ್ಟಿಯಲ್ಲಿ ಒಂದು ಸಾಲು ಸೇರಿಸಿ: ‘ನಿಂಬೆ ಉಪ್ಪಿನಕಾಯಿ 14’, ‘ಸೋಬಾನೆ 15’, ‘ಬಾವಿ ತೋಡಿಸಿದ್ದು 15’. ಇಷ್ಟಿದ್ದರೆ ಬೆರಕೆಯಲ್ಲೂ ಹುಡುಕುವುದು ಸುಲಭ. ಪ್ರತಿ ಪುಟದ ಬಲಗಡೆ ಎರಡು ಬೆರಳಿನಷ್ಟು ಜಾಗ ಬಿಡಿ. ಆ ಜಾಗ ಮನೆಯ ಉಳಿದವರದ್ದು.

ಅಳತೆ ಹಿಡಿಯುವುದು

ಅಡುಗೆ ಬರೆದುಕೊಳ್ಳಲು ಹೋದವರೆಲ್ಲ ಸೋಲುವುದು ಇಲ್ಲಿಯೇ. ‘ಎಷ್ಟು ಹಾಕಬೇಕಮ್ಮ?’ ಅಂದರೆ ‘ಸುಮ್ನೆ ಒಂದು ಹಿಡಿ ಹಾಕು’ ಅನ್ನುತ್ತಾರೆ. ಅವರ ಕೈಗೆ ಗೊತ್ತಿರುವ ಅಳತೆ ಬಾಯಿಗೆ ಬರುವುದಿಲ್ಲ. ಆದ್ದರಿಂದ ಕೇಳಬೇಡಿ, ತೂಗಿ.

ಅಮ್ಮ ಸಾರಿನ ಪುಡಿ ಮಾಡುವ ದಿನ ನಾನು ಅಡುಗೆಮನೆಯ ತಕ್ಕಡಿ ಮೇಲೆ ಕೊತ್ತಂಬರಿ ಬೀಜದ ಡಬ್ಬಿ ಇಟ್ಟೆ. ಡಬ್ಬಿ ಸೇರಿ 500 ಗ್ರಾಂ. ಅಮ್ಮ ತಮ್ಮ ಪಾಡಿಗೆ ಮಾತಾಡುತ್ತ ಒಂದು ಹಿಡಿ ತೆಗೆದು ಬಾಣಲೆಗೆ ಹಾಕಿದರು. ತಕ್ಕಡಿ 474 ತೋರಿಸಿತು. ಇನ್ನೊಂದು ಹಿಡಿ, 449. ಅಂದರೆ ಒಂದು ಹಿಡಿ 26, ಇನ್ನೊಂದು 25. ಐವತ್ತು ವರ್ಷ ಒಲೆ ಮುಂದೆ ನಿಂತ ಕೈ, ವ್ಯತ್ಯಾಸ ಒಂದೇ ಗ್ರಾಂ! ಆಮೇಲೆ ನನ್ನ ಹಿಡಿ ತೂಗಿದೆ, 35 ಬಂತು. ನನ್ನ ಸಾರಿಗೆ ಅಮ್ಮನ ರುಚಿ ಯಾಕೆ ಬರುತ್ತಿರಲಿಲ್ಲ ಅಂತ ಅವತ್ತು ಗೊತ್ತಾಯಿತು.

ಉಪ್ಪು, ಬೆಲ್ಲ, ಹುಣಸೆಹಣ್ಣು ಎಲ್ಲಕ್ಕೂ ಇದೇ ಉಪಾಯ: ತೆಗೆಯುವ ಮೊದಲು ಒಂದು ತೂಕ, ತೆಗೆದ ಮೇಲೆ ಒಂದು ತೂಕ. ಮಾಡುವವರನ್ನು ಮಾತ್ರ ತಡೆದು ನಿಲ್ಲಿಸಬೇಡಿ. ನಿಲ್ಲಿಸಿದರೆ ಕೈ ಯೋಚನೆಗೆ ಬೀಳುತ್ತದೆ, ಅಳತೆ ತಪ್ಪುತ್ತದೆ.

ಹಳೆಯ ಬರಹದಲ್ಲಿ ಸೇರು, ಪಾವು, ಚಟಾಕು ಬಂದರೆ ಹುಷಾರು. ನಾಲ್ಕು ಪಾವಿಗೆ ಒಂದು ಸೇರು ಅನ್ನುವುದು ಸರಿ, ಆದರೆ ಸೇರು ಊರಿಂದ ಊರಿಗೆ ಬೇರೆಯಾಗಿತ್ತು. ದೇಶದಲ್ಲಿ ಕಿಲೋ, ಲೀಟರು ಪೂರ್ತಿಯಾಗಿ ಜಾರಿಗೆ ಬಂದದ್ದೇ 1960ರ ದಶಕದ ಶುರುವಿನಲ್ಲಿ. ಮನೆಯಲ್ಲಿ ಹಳೆಯ ಪಾವು ಇನ್ನೂ ಇದ್ದರೆ ಅದರ ತುಂಬ ಅಕ್ಕಿ ಹಾಕಿ ತೂಗಿ, ‘ನಮ್ಮನೆ ಪಾವು ಇಷ್ಟು ಗ್ರಾಂ’ ಅಂತ ಮೊದಲ ಪುಟದಲ್ಲೇ ಬರೆದಿಡಿ.

ಹಾಡು, ಗಾದೆ, ಮಾತು

‘ಅತ್ತೆ, ಒಂದು ಹಾಡು ಹೇಳಿ’ ಅಂತ ಮೊಬೈಲು ಹಿಡಿದರೆ ಹಾಡು ಬರುವುದಿಲ್ಲ, ನಾಚಿಕೆ ಬರುತ್ತದೆ. ಹಾಡು ಹುಟ್ಟಿದ್ದು ಕೆಲಸದ ಜೊತೆ. ಅಕ್ಕಿ ಆರಿಸುವಾಗ, ಹೂ ಕಟ್ಟುವಾಗ ಪಕ್ಕದಲ್ಲಿ ಕೂತು ನೀವೂ ಕೈ ಹಾಕಿ. ಮೊದಲೇ ಹೇಳಿ, ಒಪ್ಪಿಗೆ ಪಡೆದು, ಮೊಬೈಲನ್ನು ಮಡಿಸಿದ ಟವೆಲ್ಲಿನ ಮೇಲಿಡಿ. ಫ್ಯಾನ್ ಆರಿಸಿ, ಏರೋಪ್ಲೇನ್ ಮೋಡ್‌ಗೆ ಹಾಕಿ, ರೆಕಾರ್ಡ್ ಶುರು ಮಾಡಿ. ಮೊದಲ ಹತ್ತು ನಿಮಿಷ ಬರೀ ಹರಟೆ ಇರುತ್ತದೆ, ಇರಲಿ.

ಬರೆಯುವಾಗ ಅವರ ಮಾತನ್ನು ತಿದ್ದಬೇಡಿ. ಅವರು ‘ಒಗ್ರಣೆ’ ಅಂದರೆ ನೀವೂ ಹಾಗೇ ಬರೆಯಿರಿ, ‘ಒಗ್ಗರಣೆ’ ಮಾಡಬೇಡಿ. ಗಾದೆ ಸಿಕ್ಕರೆ ಅದರ ಕೆಳಗೆ ಯಾರು, ಯಾವಾಗ ಹೇಳಿದರು ಅನ್ನುವುದೂ ಬೇಕು. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಅನ್ನುವುದು ಎಲ್ಲರಿಗೂ ಗೊತ್ತಿರುವ ಗಾದೆ. ಆದರೆ ‘ಬಿತ್ತನೆಗೆ ಎರಡು ದಿನ ಮುಂಚೆ, ಮೋಡ ನೋಡುತ್ತ ಚಿಕ್ಕಪ್ಪ ಹೇಳಿದ್ದು’ ಅಂತ ಸೇರಿದರೆ ಅದು ನಿಮ್ಮ ಮನೆಯ ಮಾತಾಗುತ್ತದೆ.

ಸಂವತ್ಸರದಿಂದ ಇಸವಿಗೆ

ಹಿರಿಯರು ಇಸವಿ ಹೇಳುವುದು ಕಡಿಮೆ. ಅಜ್ಜಿಯ ಡೈರಿಯಲ್ಲಿ ‘ಹೇವಿಳಂಬಿ ಮಾಘದಲ್ಲಿ ಮದುವೆ’ ಅಂತಿತ್ತು. ಲೆಕ್ಕ ಹೀಗೆ. ಸಂವತ್ಸರಗಳು 60, ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮತ್ತೆ ಬರುತ್ತದೆ. ಈಚಿನ ಹೇವಿಳಂಬಿ 2017ರ ಯುಗಾದಿಯಿಂದ 2018ರ ಯುಗಾದಿವರೆಗೆ ಇತ್ತು. ಅದರಲ್ಲಿ 60 ಕಳೆದರೆ 1957-58. ಮಾಘ ಮಾಸ ಜನವರಿ-ಫೆಬ್ರವರಿಯ ಹೊತ್ತಿಗೆ ಬರುವುದರಿಂದ ಮದುವೆ ನಡೆದದ್ದು 1958ರಲ್ಲಿ. ಪುಷ್ಯ, ಮಾಘ, ಫಾಲ್ಗುಣ ಬಂದಾಗ ಬಹಳ ಜನ ಒಂದು ವರ್ಷ ತಪ್ಪುತ್ತಾರೆ.

ಸಂವತ್ಸರವೂ ನೆನಪಿಲ್ಲದಿದ್ದರೆ ಊರಿಗೆಲ್ಲ ಗೊತ್ತಿರುವ ಸಂಗತಿ ಹಿಡಿದು ಕೇಳಿ. ‘ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದಾಗ ನೀವು ಶಾಲೆಗೆ ಹೋಗ್ತಿದ್ರಾ?’ ಅಂದರೆ 1973. ‘ಇಂದಿರಾ ಗಾಂಧಿ ಚಿಕ್ಕಮಗಳೂರಲ್ಲಿ ನಿಂತಾಗ?’ ಅಂದರೆ 1978.

ಮನೆಮದ್ದು

ಬರೆಯಿರಿ, ಆದರೆ ‘ಅಜ್ಜಿ ಹೀಗೆ ಮಾಡುತ್ತಿದ್ದರು’ ಅಂತ ಬರೆಯಿರಿ, ‘ಹೀಗೆ ಮಾಡಬೇಕು’ ಅಂತ ಅಲ್ಲ. ಹಳೆಯ ಡೈರಿಗಳಲ್ಲಿ ಕೂಸಿಗೆ ಜೇನುತುಪ್ಪ ನೆಕ್ಕಿಸುವುದು ಇರುತ್ತದೆ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ಕೊಡಲೇಬಾರದು, ಅದರಿಂದ ಬಾಟುಲಿಸಂ ಎಂಬ ಅಪಾಯದ ಕಾಯಿಲೆ ಬರಬಹುದು. ಅಂಥ ಸಾಲಿನ ಪಕ್ಕದಲ್ಲೇ ಕೆಂಪು ಶಾಯಿಯಲ್ಲಿ ಎಚ್ಚರಿಕೆ ಬರೆದುಬಿಡಿ. ನಾಳೆ ಆ ಪುಟ ತೆಗೆಯುವವರು ಹೊಸ ತಾಯಿ ಆಗಿರಬಹುದು.

ಬ್ಯಾಂಕಿನ ನಂಬರು, ಪಾಸ್‌ವರ್ಡ್, ಆಧಾರ್ ಇಲ್ಲಿ ಬೇಡ. ಬದುಕಿರುವವರ ಕಾಯಿಲೆ, ಮನಸ್ತಾಪಗಳನ್ನು ಅವರನ್ನು ಕೇಳದೆ ಬರೆಯಬೇಡಿ.

ಅಂಟಿಸುವುದು

ಪೇಪರ್ ಕಟಿಂಗನ್ನು ನೇರವಾಗಿ ಅಂಟಿಸಬೇಡಿ. ಪತ್ರಿಕೆಯ ಕಾಗದದಲ್ಲಿ ಮರದ ಲಿಗ್ನಿನ್ ಎಂಬ ಅಂಶ ಜಾಸ್ತಿ, ಅದು ಹಳದಿಯಾಗಿ, ಪಕ್ಕದ ಪುಟಕ್ಕೂ ಕಲೆ ಹತ್ತಿಸುತ್ತದೆ. ಒಳ್ಳೆಯ ಹಾಳೆಯ ಮೇಲೆ ಝೆರಾಕ್ಸ್ ಮಾಡಿಸಿ ಅಂಟಿಸಿ. ಅಂಗಡಿ ಬಿಲ್ಲು, ಬಸ್ ಟಿಕೆಟ್ಟುಗಳಲ್ಲಿ ಬಹುಪಾಲು ಥರ್ಮಲ್ (ಬಿಸಿ ತಾಗಿ ಅಕ್ಷರ ಮೂಡುವ) ಕಾಗದದವು, ವರ್ಷ ಎರಡು ವರ್ಷದಲ್ಲಿ ಅಕ್ಷರವೇ ಮಾಯ. ಅದಕ್ಕೂ ಝೆರಾಕ್ಸೇ ದಾರಿ.

ಫೋಟೋಗೆ ಸೆಲ್ಲೋಟೇಪ್ ಹಾಕಬೇಡಿ. ಅಪ್ಪನ ಕಾಲೇಜಿನ ಗ್ರೂಪ್ ಫೋಟೋಗೆ ನಾನೇ ಹಾಕಿದ್ದೆ. ಟೇಪು ಒಣಗಿ ಉದುರಿತು, ಅಂಟು ಮಾತ್ರ ಕಂದು ಪಟ್ಟೆಯಾಗಿ ಮೂರು ಮುಖಗಳ ಮೇಲೆ ಉಳಿದುಕೊಂಡಿದೆ. ಅದನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಫೋಟೋದ ನಾಲ್ಕು ಮೂಲೆಗೆ ಸಿಕ್ಕಿಸುವ ಕಾಗದದ ಕಾರ್ನರ್ ಸಿಗುತ್ತವೆ, ಅವನ್ನು ಬಳಸಿ. ಅಂಟು ಪುಟಕ್ಕೆ ತಾಗಬೇಕು, ಫೋಟೋಗೆ ತಾಗಬಾರದು. ಮೈದಾ ಗೋಂದು ಕಾಗದಕ್ಕೆ ಒಳ್ಳೆಯದೇ, ಆದರೆ ಜಿರಳೆ, ಸಿಲ್ವರ್ ಫಿಶ್‌ಗೆ ಅದು ಊಟ. ಹುಳ ಬರದಿರಲೆಂದು ಹಿಂದಿನವರು ಅದಕ್ಕೆ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡ.

ನಕಲು ಮತ್ತು ಕಾಪಾಡುವುದು

ಆರು ತಿಂಗಳಿಗೊಮ್ಮೆ ಹೊಸ ಪುಟಗಳನ್ನು 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಸ್ಕ್ಯಾನ್ ಮಾಡಿ. ವಾಟ್ಸಾಪಿನಲ್ಲಿ ಮನೆಯವರಿಗೆ ಕಳಿಸುವಾಗ ಫೋಟೋ ಆಗಿ ಕಳಿಸಿದರೆ ಗುಣಮಟ್ಟ ಇಳಿಯುತ್ತದೆ, ‘ಡಾಕ್ಯುಮೆಂಟ್’ ಆಗಿ ಕಳಿಸಿ. ಟೈಪ್ ಮಾಡುವುದಾದರೆ ಎಲ್ಲ ಮೊಬೈಲು, ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡ್‌ನಲ್ಲೇ ಮಾಡಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಮಾಡಿಟ್ಟ ಎಷ್ಟೋ ಕಡತಗಳು ಈಗ ಮೊಬೈಲಿನಲ್ಲಿ ತೆರೆದರೆ ಬರೀ ಗೀಚು.

‘ಕಡತ’ ಅಂದಾಗ ನೆನಪಾಯಿತು. ಆ ಹೆಸರು ಮೊದಲಿಗೆ ಇದ್ದದ್ದು ಬಟ್ಟೆಯ ಪುಸ್ತಕಕ್ಕೆ. ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದ ಕಪ್ಪು ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದರು.

ನಮ್ಮ ಪುಸ್ತಕಕ್ಕೂ ಬಟ್ಟೆಯೇ ಒಳ್ಳೆಯ ಹೊದಿಕೆ. ಪ್ಲಾಸ್ಟಿಕ್ ಕವರಿನಲ್ಲಿ ತೇವ ಕೂತು ಬೂಷ್ಟು ಹಿಡಿಯುತ್ತದೆ. ತೊಳೆದು ಒಣಗಿಸಿದ ಹಳೆಯ ಹತ್ತಿ ಪಂಚೆಯ ತುಂಡಿನಲ್ಲಿ ಸುತ್ತಿ, ಗೋಡೆಗೆ ತಾಗದ ಹಾಗೆ ಬೀರುವಿನಲ್ಲಿಡಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆಗೆದು, ನೆರಳಲ್ಲಿ ಪುಟ ಬಿಡಿಸಿ ಗಾಳಿಗಿಡಿ. ಬಿಸಿಲು ಬೇಡ, ಶಾಯಿ ಮಾಸುತ್ತದೆ. ಪಕ್ಕದಲ್ಲಿ ಪೂರ್ತಿ ಒಣಗಿದ ಬೇವಿನ ಸೊಪ್ಪಿನ ಗಂಟು ಇಟ್ಟು, ಯುಗಾದಿಗೆ ಹೊಸ ಬೇವು ತಂದಾಗ ಒಂದಿಷ್ಟು ಒಣಗಿಸಿ ಬದಲಾಯಿಸಿ.