ಬಿಸಿನೆಸ್ ಮೇಲ್ ತಲುಪುತ್ತಿಲ್ಲವೇ? ಮೊದಲು ಎಸ್‌ಪಿಎಫ್ ನೋಡಿ

ನೀವು ಕಳಿಸಿದ ಇನ್‌ವಾಯ್ಸ್ ಸ್ಪ್ಯಾಮ್‌ಗೆ ಹೋಗುತ್ತಿದ್ದರೆ ಅಥವಾ ಬೌನ್ಸ್ ಆಗುತ್ತಿದ್ದರೆ ಸುಮ್ನೆ ಮತ್ತೆ ಮತ್ತೆ ಕಳಿಸಬೇಡಿ. ಬಿಸಿನೆಸ್ ವಿಳಾಸದಿಂದ ನಿಮ್ಮದೇ ಜಿಮೇಲ್‌ಗೆ ಒಂದು ಮೇಲ್ ಹಾಕಿ. ಕಂಪ್ಯೂಟರ್‌ನಲ್ಲಿ ಅದನ್ನು ತೆರೆದು, ಮೂರು ಚುಕ್ಕೆ ಒತ್ತಿ ‘ಶೋ ಒರಿಜಿನಲ್’ ನೋಡಿ. ಅಲ್ಲಿ ಮೂರು ಪರೀಕ್ಷೆಗಳು ಕಾಣುತ್ತವೆ. ಎಸ್‌ಪಿಎಫ್ ಅಂದರೆ ನಿಮ್ಮ ಡೊಮೇನ್ (ಮೇಲ್ ವಿಳಾಸದಲ್ಲಿ @ ನಂತರದ ಹೆಸರು) ಪರವಾಗಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಎಂಬ ಪಟ್ಟಿ, ಡಿಕಿಮ್ ಅಂದರೆ ಮೇಲ್‌ಗೆ ಹಾಕುವ ಡಿಜಿಟಲ್ ಸಹಿ, ಡಿಮಾರ್ಕ್ ಅಂದರೆ ಇವು ಕಳಿಸಿದವರ ಡೊಮೇನ್‌ಗೆ ಹೊಂದುತ್ತವೆಯೇ, ಇಲ್ಲದಿದ್ದರೆ ಮೇಲ್ ಏನು ಮಾಡಬೇಕು ಎಂಬ ನಿಯಮ. ಮೂರರ ಮುಂದೆಯೂ ‘ಪಾಸ್’ ಇರಬೇಕು.

ಜಾಸ್ತಿ ಕಾಣುವ ತಪ್ಪು, ಒಂದೇ ಡೊಮೇನ್‌ಗೆ ಎರಡು ಎಸ್‌ಪಿಎಫ್ ರೆಕಾರ್ಡ್ (ಡೊಮೇನ್‌ನ ಡಿಎನ್‌ಎಸ್ ಸೆಟ್ಟಿಂಗ್ಸ್‌ನಲ್ಲಿ ಹಾಕುವ ಸಾಲು). ಮೇಲ್ ಸೇವೆಯವರು ಒಂದು ಕೊಟ್ಟಿರುತ್ತಾರೆ, ಬಿಲ್ಲಿಂಗ್ ಸಾಫ್ಟ್‌ವೇರ್‌ನವರು ಇನ್ನೊಂದು. ಎರಡನ್ನೂ ಬೇರೆ ಬೇರೆ ಹಾಕಿದರೆ ಎರಡೂ ಕೆಲಸಕ್ಕೆ ಬರುವುದಿಲ್ಲ. ‘ವಿ=ಎಸ್‌ಪಿಎಫ್1’ (v=spf1) ಎಂದು ಶುರುವಾಗುವ ಸಾಲು ಒಂದೇ ಇರಲಿ, ಅದರೊಳಗೆ ಎರಡೂ ಸೇವೆಗಳ ‘ಇನ್‌ಕ್ಲೂಡ್’ (include, ಆ ಸೇವೆಯ ಪಟ್ಟಿಯನ್ನು ಸೇರಿಸುವ ಭಾಗ) ಸೇರಿಸಿ. ಈ ಸಾಲನ್ನು ಪರೀಕ್ಷಿಸಲು ಬೇಕಾಗುವ ಡಿಎನ್‌ಎಸ್ ಲುಕಪ್ (ಡೊಮೇನ್ ದಾಖಲೆಗಳ ಹುಡುಕಾಟ) ಒಟ್ಟು 10 ದಾಟಬಾರದು. ಇನ್‌ಕ್ಲೂಡ್ ಒಳಗಿನ ಇನ್‌ಕ್ಲೂಡ್‌ಗಳೂ ಲೆಕ್ಕಕ್ಕೆ ಬರುತ್ತವೆ, ಹಾಗಾಗಿ ಬಳಸದ ಹಳೆ ಸೇವೆಗಳನ್ನು ತೆಗೆದುಬಿಡಿ.

ಎಸ್‌ಪಿಎಫ್, ಡಿಕಿಮ್ ಎರಡೂ ಪಾಸ್, ಡಿಮಾರ್ಕ್ ಮಾತ್ರ ಫೇಲ್ ಅಂದರೆ ವಿಚಿತ್ರ ಅನಿಸುತ್ತದೆ ಅಲ್ವಾ? ಪಾಸ್ ಆಗಿರುವುದು ನಿಮ್ಮ ಡೊಮೇನ್ ಅಲ್ಲ, ಮೇಲ್ ಕಳಿಸುವ ಸೇವೆಯದ್ದು. ಆ ಸೇವೆಯ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಡೊಮೇನ್‌ಗೇ ಡಿಕಿಮ್ ಆನ್ ಮಾಡಿ.

ಡಿಮಾರ್ಕ್ ಪಾಲಿಸಿ ಮೊದಲು ‘ನನ್’ (none, ಅಂದರೆ ಯಾವ ಮೇಲನ್ನೂ ತಡೆಯಬೇಡಿ) ಇರಲಿ. ಮೇಲ್ ಸ್ವೀಕರಿಸುವ ಸೇವೆಗಳು ಕಳಿಸುವ ಡಿಮಾರ್ಕ್ ವರದಿ ನೋಡದೆ ನೇರವಾಗಿ ‘ರಿಜೆಕ್ಟ್’ (ಫೇಲ್ ಆದರೆ ತಿರಸ್ಕರಿಸಿ) ಹಾಕಿದರೆ ನಿಮ್ಮ ಸರಿಯಾದ ಮೇಲ್‌ಗಳೇ ನಿಂತುಹೋಗಬಹುದು. ದಯವಿಟ್ಟು ಇಲ್ಲಿ ಅವಸರ ಬೇಡ.