ಒಂದೇ ತೊಟ್ಟಿಯಲ್ಲಿ ಹಲವು ಸೊಪ್ಪು: ಇಸಿ ಲೆಟ್ಯೂಸ್‌ಗೆ ಒಪ್ಪುವಂತಿರಲಿ

ಮನೆಯೊಳಗೆ ಒಂದೇ ಹೈಡ್ರೋಪೋನಿಕ್ಸ್ (ಮಣ್ಣಿಲ್ಲದೆ ಪೋಷಕ ಬೆರೆಸಿದ ನೀರಿನಲ್ಲಿ ಬೆಳೆಯುವ) ತೊಟ್ಟಿಯಿಂದ ಲೆಟ್ಯೂಸ್, ಬೇಸಿಲ್, ಪಾಲಕ್ ಎಲ್ಲವನ್ನೂ ಬೆಳೆಯುವವರು ಪೋಷಕ ದ್ರಾವಣದ ಇಸಿಯನ್ನು (ಕರಗಿದ ಲವಣ ಎಷ್ಟಿದೆಯೆಂದು ತಿಳಿಸುವ ವಿದ್ಯುತ್ ವಾಹಕತೆ) ಲೆಟ್ಯೂಸ್‌ಗೆ ಹೊಂದುವಂತೆ 1.2 mS/cm ಆಸುಪಾಸಿನಲ್ಲಿಡಿ, ಪಾಲಕ್ ಹೆಚ್ಚು ಬೇಡುತ್ತದೆಂದು 2ಕ್ಕೆ ಏರಿಸಬೇಡಿ. ತೆಳು ದ್ರಾವಣದಲ್ಲಿ ಪಾಲಕ್ ತುಸು ನಿಧಾನವಾಗಿ ಬೆಳೆಯುತ್ತದೆ, ಅಷ್ಟೇ. ಆದರೆ ದ್ರಾವಣ ಗಟ್ಟಿಯಾದರೆ ಲೆಟ್ಯೂಸ್ ಬೇರು ನೀರೆಳೆಯಲು ತಿಣುಕುತ್ತದೆ; ನೀರಿನೊಂದಿಗೇ ಸಾಗುವ ಕ್ಯಾಲ್ಸಿಯಂ ಸುಳಿಯ ಎಳೆ ಎಲೆಗಳಿಗೆ ಸಾಲದೆ ಅಂಚುಗಳು ಕಂದಾಗಿ ಸುಟ್ಟಂತಾಗುತ್ತವೆ. ಹೊರಗಿನ ಎಲೆಗಳು ಹಸಿರಾಗಿಯೇ ಇರುವುದರಿಂದ ಸುಳಿಯನ್ನು ಮೆಲ್ಲಗೆ ಬಿಡಿಸಿ ನೋಡಬೇಕು. ಅಂಚು ಸುಡುವುದು ಆಗಲೇ ಶುರುವಾಗಿದ್ದರೆ ಇಸಿ ಇಳಿಸುವುದರ ಜೊತೆಗೆ ಗಿಡಗಳ ಮೇಲೆ ಹಗುರಾಗಿ ಗಾಳಿಯಾಡುವಂತೆ ಸಣ್ಣ ಫ್ಯಾನ್ ಇಡಿ: ಎಳೆ ಎಲೆಗಳಿಂದಲೂ ನೀರು ಆವಿಯಾಗಿ ಕ್ಯಾಲ್ಸಿಯಂ ಅಲ್ಲಿಗೆ ಹರಿಯುತ್ತದೆ. ಸುಟ್ಟ ಅಂಚು ಮತ್ತೆ ಹಸಿರಾಗದು, ಹೊಸ ಎಲೆ ಚೆನ್ನಾಗಿ ಬರುತ್ತದೆ. ಟೊಮೆಟೊ, ಮೆಣಸಿನಕಾಯಿಗೆ ಈ ಉಪಾಯ ಸಲ್ಲದು. ಕಾಯಿ ಕಟ್ಟುವಾಗ ಅವಕ್ಕೆ 2ಕ್ಕಿಂತ ಹೆಚ್ಚೇ ಬೇಕು, ಬೇರೆ ಬಕೆಟ್ ಕೊಡಿ. ಗಡಸು ಬೋರ್‌ವೆಲ್ ನೀರಿನಲ್ಲೂ ಲೆಕ್ಕ ತಪ್ಪುತ್ತದೆ. ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ಇದೇ ದೊಡ್ಡ ತೊಡಕು: ಪೋಷಕ ಹಾಕುವ ಮೊದಲೇ ಇಸಿ ಮೀಟರ್ ಸಾಕಷ್ಟು ತೋರಿಸುತ್ತಿದ್ದರೆ ಅದು ನೀರಿನದೇ ಲವಣ, ಗಿಡಕ್ಕೆ ಬೇಕಾದ ಪೂರ್ತಿ ಆಹಾರವಲ್ಲ. ಅಂಥಲ್ಲಿ ಮಳೆನೀರನ್ನೋ ಆರ್‌ಒ ನೀರನ್ನೋ ಬೆರೆಸಿ, ಆಮೇಲೆ ಅಳೆಯಿರಿ.